ಬಾಣಂತಿಗೆ ನಾವು ಕೇಳುವ ಪ್ರಶ್ನೆ

ಮಾನ್ಯ ಸಂಪಾದಕರೇ,

ಆಗಸ್ಟ್ ಮೊದಲ ವಾರದ ವಿಶ್ವ ಸ್ತನ್ಯಪಾನ ಸಪ್ತಾಹದ ಸಂದರ್ಭದಲ್ಲಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನಗಳನ್ನು ಓದಿದೆ. ಎದೆಹಾಲಿನ ಹಿರಿಮೆಯ ಬಗ್ಗೆ ಅವುಗಳಲ್ಲಿ ಹೇಳಿರುವುದನ್ನೆಲ್ಲ ಒಪ್ಪುತ್ತೇನೆ. ಆದರೆ ಎದೆಹಾಲು ಕುಡಿಸುವ ತಾಯಿಗೂ ಡಬ್ಬಿಹಾಲು ಕುಡಿಸುವ ತಾಯಿಗೂ ನಡುವೆ ನಮ್ಮ ಮನೆಗಳಲ್ಲೇ ಹುಟ್ಟುತ್ತಿರುವ ಮುನಿಸಿನ ಬಗ್ಗೆ ಎಲ್ಲಿಯೂ ಒಂದು ಮಾತು ಇರಲಿಲ್ಲ. ಅದಕ್ಕಾಗಿ ಈ ಪತ್ರ.

ಕಳೆದ ವರ್ಷ ಎರಡೇ ತಿಂಗಳ ಅಂತರದಲ್ಲಿ ನನ್ನ ಮಗಳಿಗೂ ಸೊಸೆಗೂ ಹೆರಿಗೆಯಾಯಿತು. ಸೊಸೆಗೆ ತಾಯಿ ಇಲ್ಲದ ಕಾರಣ ಇಬ್ಬರ ಬಾಣಂತನವನ್ನೂ ನಾನೇ ಮಾಡಿದೆ. ಮಗಳಿಗೆ ಸಹಜ ಹೆರಿಗೆ. ಮಗು ಮೊದಲ ದಿನವೇ ಎದೆಹಾಲು ಕುಡಿಯಿತು. ಸೊಸೆಗೆ ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಆಗಿ, ಮಗುವನ್ನು ಹನ್ನೆರಡು ದಿನ ತೀವ್ರ ನಿಗಾ ಘಟಕದಲ್ಲಿ ಇರಿಸಬೇಕಾಯಿತು. ಮಗು ಚೀಪಿದಷ್ಟೂ ಹಾಲು ಊರುತ್ತದೆ. ಚೀಪುವ ಮಗುವೇ ಮಗ್ಗುಲಲ್ಲಿ ಇಲ್ಲದಿರುವಾಗ ಕೈಯಿಂದಲಾದರೂ ಆಗಾಗ ಹಾಲು ಹಿಂಡಿ ತೆಗೆಯದಿದ್ದರೆ ಅದು ಬತ್ತುತ್ತ ಹೋಗುತ್ತದೆ. ಇದನ್ನು ಆ ಆಸ್ಪತ್ರೆಯಲ್ಲಿ ಅವಳಿಗೆ ಯಾರೂ ಹೇಳಿಕೊಡಲಿಲ್ಲ, ನನಗೂ ತಿಳಿದಿರಲಿಲ್ಲ. ಮನೆಗೆ ಬಂದ ಮೇಲೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲವನ್ನೂ ಮಾಡಿ ಬಡಿಸಿದೆ. ಮಗುವಿನ ತೂಕ ಏರದಿದ್ದಾಗ ವೈದ್ಯರೇ ಪುಡಿಹಾಲು ಬರೆದುಕೊಟ್ಟರು.

ಮಗುವನ್ನು ನೋಡಲು ಬಂದವರೆಲ್ಲ ಬಾಣಂತಿಗೆ ಮೊದಲು ಕೇಳುತ್ತಿದ್ದುದು "ಹಾಲು ಇದೆಯೇನಮ್ಮಾ?" ಎಂದು. ಸೊಸೆ ತಲೆ ತಗ್ಗಿಸುತ್ತಿದ್ದಳು. ಒಮ್ಮೆ ನೆಂಟರೆದುರು ನಾನೇ, "ಇವಳು ಸ್ವಲ್ಪ ಮನಸ್ಸು ಮಾಡಿದ್ದರೆ ಆಗುತ್ತಿತ್ತು" ಎಂದುಬಿಟ್ಟೆ. ಅಂದಿನಿಂದ ಅವಳು ಬಾಗಿಲು ಹಾಕಿಕೊಂಡು ಮಗುವಿಗೆ ಹಾಲು ಕುಡಿಸತೊಡಗಿದಳು. ಆ ಮಾತಿಗೆ ನಾನು ಇಂದಿಗೂ ಮರುಗುತ್ತೇನೆ.

ಹಾಗೆಂದು ಮಗಳೇನೂ ಸುಖವಾಗಿರಲಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದ ನೋವಿನಲ್ಲೂ ಹಾಲು ಕುಡಿಸುತ್ತಿದ್ದ ಅವಳಿಗೆ, "ಮಗು ಸೊರಗಿದೆ, ನಿನ್ನ ಹಾಲು ಸಾಲುತ್ತಿಲ್ಲ, ಒಂದು ಹೊತ್ತಾದರೂ ಡಬ್ಬಿಹಾಲು ಹಾಕು" ಎಂದು ಹೇಳಿದವರೂ ಅದೇ ನೆಂಟರು. ಅತ್ತಿಗೆಯ ಮೌನವನ್ನು ಮಗಳು ಅಸೂಯೆ ಎಂದುಕೊಂಡಳು. ನಾದಿನಿ ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆಯನ್ನು ಸೊಸೆ ಹಂಗಿಸುವ ಮಾತೆಂದು ತಿಳಿದಳು. ಅಕ್ಕತಂಗಿಯರಂತೆ ಇದ್ದವರು ತಿಂಗಳುಗಟ್ಟಲೆ ನೆಟ್ಟಗೆ ಮಾತನಾಡಲಿಲ್ಲ. ಈ ಜಗಳವನ್ನು ತಂದಿಟ್ಟವರು ಹಿರಿಯರಾದ ನಾವು ಎಂಬುದು ನನಗೆ ತಡವಾಗಿ ಅರಿವಾಯಿತು.

ಹಿಂದಿನ ಕಾಲದಲ್ಲಿ ಎಲ್ಲ ತಾಯಂದಿರಿಗೂ ಹಾಲು ಇರುತ್ತಿತ್ತು ಎನ್ನುವವರಿಗೆ ಹಳೆಯ ಮನೆಗಳ ಒಳಲೆಯನ್ನು ನೆನಪಿಸುತ್ತೇನೆ. ಮದ್ದು ತೇಯ್ದು ಹಾಕಲಷ್ಟೇ ಅಲ್ಲದೆ, ತಾಯಿಗೆ ಹಾಲಿಲ್ಲದ ಮಗುವಿಗೆ ಹಸುವಿನದೋ ಮೇಕೆಯದೋ ಹಾಲು ಕುಡಿಸಲೂ ಅದು ಬೇಕಾಗುತ್ತಿತ್ತು.

ಪುಡಿಹಾಲಿನ ಕಂಪನಿಗಳ ಪರವಾಗಿ ನಾನು ಈ ಮಾತು ಹೇಳುತ್ತಿಲ್ಲ. ಪುಡಿಹಾಲಿನ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿ, ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕಗೊಡದ 1992ರ ಕಾಯ್ದೆ ಇನ್ನಷ್ಟು ಬಿಗಿಯಾಗಿ ಜಾರಿಯಾಗಲಿ. ಆದರೆ ಆ ಕಾಯ್ದೆ ಕಟ್ಟಿಹಾಕುವುದು ಮಾರುವವರನ್ನೇ ಹೊರತು ತಾಯಿಯನ್ನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ 41.8 ಮಾತ್ರ. ವೈದ್ಯರೂ ದಾದಿಯರೂ ಇರುವ ಜಾಗದಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಮೊದಲ ಗಂಟೆ ತಪ್ಪಿಹೋಗುತ್ತಿರುವಾಗ, ಬಾಣಂತಿಯೊಬ್ಬಳ ಮನಸ್ಸಿನ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ದೊರೆತ 26 ವಾರಗಳ ಹೆರಿಗೆ ರಜೆಯೂ ಮನೆಗೆಲಸದವರಿಗೆ, ಕೂಲಿಯ ಹೆಣ್ಣುಮಕ್ಕಳಿಗೆ ಸಿಗುತ್ತಿಲ್ಲ. ಎರಡೇ ತಿಂಗಳಿಗೆ ಮಗುವನ್ನು ಬಿಟ್ಟು ದುಡಿಯಲು ಹೋಗುವ ತಾಯಿ ಡಬ್ಬಿಹಾಲು ತಂದಿಟ್ಟರೆ, ಅವಳಿಗೆ ಎದೆಹಾಲಿನ ಮಹತ್ವ ಗೊತ್ತಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ತಾಯಿಹಾಲಿನ ಬ್ಯಾಂಕ್ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಅಂಥದೊಂದು ಇದೆ. ಹಾಲು ಹೆಚ್ಚಿರುವ ತಾಯಿ ಹಾಲಿಲ್ಲದ ತಾಯಿಯ ಮಗುವಿಗೆ ನೆರವಾಗುವ ಈ ವ್ಯವಸ್ಥೆ ಪ್ರತಿ ಜಿಲ್ಲಾಸ್ಪತ್ರೆಗೂ ಬರಬೇಕು. ಮುಂದಿನ ಸಪ್ತಾಹದಲ್ಲಿ ತಮ್ಮ ಪತ್ರಿಕೆ ಎದೆಹಾಲಿನ ಗುಣಗಾನದ ಜೊತೆಗೆ, ಹೆರಿಗೆ ವಾರ್ಡುಗಳಲ್ಲಿ ಹಾಲೂಡಿಸುವುದನ್ನು ಕಲಿಸುವವರು ಎಷ್ಟು ಮಂದಿ ಇದ್ದಾರೆ ಎಂಬುದನ್ನೂ ವಿಚಾರಿಸಿ ಬರೆಯಲಿ ಎಂದು ಕೋರುತ್ತೇನೆ. ನನ್ನ ಸೊಸೆಗೆ ಆ ಹನ್ನೆರಡು ದಿನಗಳಲ್ಲಿ ಬೇಕಾಗಿದ್ದುದು ಪಕ್ಕದಲ್ಲಿ ಕುಳಿತು ಹಾಲು ಹಿಂಡುವುದನ್ನು ತೋರಿಸಿಕೊಡುವ ಒಬ್ಬ ದಾದಿ.

ಇಂತಿ,
ತಮ್ಮ ಓದುಗರಲ್ಲೊಬ್ಬಳು, ಶಿವಮೊಗ್ಗ