ಐಕಾನ್ ಕಡತ ಒಂದೇ ಚಿತ್ರವಲ್ಲ

ಸಂಪಾದಕರೇ,

ವಿಂಡೋಸ್‌ನ ಐಕಾನ್ ಕಡತದಲ್ಲಿ (ಐಸಿಒ) ಒಂದೇ ಚಿಹ್ನೆಯ ಬೇರೆ ಬೇರೆ ಅಳತೆಯ ಹಲವು ಚಿತ್ರಗಳಿರಬಹುದು. ಅದರೊಳಗಿನ ಚಿತ್ರ ಬೇಕಿದ್ದರೆ ಹೆಸರಿನ ಕೊನೆಯ ‘ಐಸಿಒ’ ಅಳಿಸಿ ‘ಪಿಎನ್‌ಜಿ’ (ಸಾಮಾನ್ಯ ಚಿತ್ರ ಕಡತದ ಒಂದು ಬಗೆ) ಎಂದು ಬರೆದರೆ ಸಾಕು ಎಂಬ ಸಲಹೆ ಆಗಾಗ ಕಾಣಸಿಗುತ್ತದೆ. ಇದು ತಪ್ಪು. ಹೆಸರು ಬದಲಾದರೂ ಒಳಗಿನ ಒಂದು ಬೈಟೂ ಬದಲಾಗುವುದಿಲ್ಲ. ಕಲಿಯುವವರಿಗೆ ಕಡತದ ರಚನೆಯನ್ನೇ ಹೇಳಿಕೊಡುವುದು ಒಳ್ಳೆಯದು, ಅದೇನೂ ಕಷ್ಟದ್ದಲ್ಲ.

ಮೊದಲ 6 ಬೈಟ್ ತಲೆಬರಹ: ಸೊನ್ನೆ, ನಂತರ ಬಗೆ (1 ಐಕಾನ್, 2 ಕರ್ಸರ್), ಕೊನೆಗೆ ಚಿತ್ರಗಳ ಸಂಖ್ಯೆ. ಆಮೇಲೆ ಪ್ರತಿ ಚಿತ್ರಕ್ಕೂ 16 ಬೈಟಿನ ಒಂದು ನಮೂದು. ಅಗಲ, ಎತ್ತರಕ್ಕೆ ತಲಾ ಒಂದೇ ಬೈಟ್ ಇರುವುದರಿಂದ 256 ಅನ್ನು ಸೊನ್ನೆ ಎಂದು ಬರೆದಿರುತ್ತಾರೆ. ನಮೂದಿನ ಕೊನೆಯ 8 ಬೈಟ್‌ಗಳಲ್ಲಿ ದತ್ತಾಂಶದ ಗಾತ್ರ ಮತ್ತು ಅದು ಶುರುವಾಗುವ ಜಾಗ ಇರುತ್ತವೆ.

ಆ ಜಾಗದಲ್ಲಿ 137, 80, 78, 71 ಎಂಬ ಬೈಟ್‌ಗಳು ಕಂಡರೆ ಅದು ಪೂರ್ತಿ ಪಿಎನ್‌ಜಿ. ಹಾಗೇ ಕತ್ತರಿಸಿ ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಅದು 14 ಬೈಟಿನ ಕಡತ ತಲೆಬರಹವಿಲ್ಲದ ಬಿಎಂಪಿ (ಚಿತ್ರ ಕಡತದ ಇನ್ನೊಂದು ಬಗೆ). ಹೆಚ್ಚಿನವರು ಎಡವುವುದು ಇಲ್ಲೇ. ಅದರಲ್ಲಿ ಎತ್ತರ ಎರಡರಷ್ಟು ನಮೂದಾಗಿರುತ್ತದೆ, ಏಕೆಂದರೆ ಬಣ್ಣದ ದತ್ತಾಂಶದ ಹಿಂದೆಯೇ ಪಿಕ್ಸೆಲ್‌ಗೊಂದು ಬಿಟ್‌ನ ಮಾಸ್ಕ್ (ಯಾವ ಪಿಕ್ಸೆಲ್ ಕಾಣಬೇಕು, ಯಾವುದು ಕಾಣಬಾರದು ಎಂದು ಹೇಳುವ ಪದರ) ಇದೆ. ಸಾಲುಗಳು ಕೆಳಗಿನಿಂದ ಮೇಲಕ್ಕೆ. ಇದನ್ನು ಮರೆತರೆ ಚಿತ್ರ ತಲೆಕೆಳಗು. ಮಾಸ್ಕ್‌ನ ಪ್ರತಿ ಸಾಲೂ 4 ಬೈಟ್‌ಗಳ ಗುಣಕಕ್ಕೆ ತುಂಬಿರಬೇಕು: 48×48 ಚಿತ್ರಕ್ಕೆ ಸಾಲಿಗೆ 6 ಅಲ್ಲ, 8 ಬೈಟ್, ಒಟ್ಟು 384. ಆರರಂತೆ ಓದಿದರೆ ಅಂಚುಗಳು ಓರೆಯಾಗಿ ಹರಿದಂತೆ ಕಾಣುತ್ತವೆ. ಮಾಸ್ಕ್‌ನಲ್ಲಿ 1 ಎಂದರೆ ಪಾರದರ್ಶಕ. ಪಿಕ್ಸೆಲ್‌ಗೆ 32 ಬಿಟ್ ಇರುವ ಚಿತ್ರದಲ್ಲಿ ಆಲ್ಫಾ ಬೈಟ್‌ಗಳೆಲ್ಲ (ಪ್ರತಿ ಪಿಕ್ಸೆಲ್ ಎಷ್ಟು ಪಾರದರ್ಶಕ ಎಂದು ಹೇಳುವವು) ಸೊನ್ನೆಯಾಗಿದ್ದರೆ ಅವನ್ನು ಬಿಟ್ಟು ಮಾಸ್ಕನ್ನೇ ನಂಬಬೇಕು, ಇಲ್ಲವಾದರೆ ಚಿತ್ರವೇ ಮಾಯ.

ಇದನ್ನೆಲ್ಲ ಕೈಯಾರೆ ಬರೆಯಬೇಕಿಲ್ಲ. ಪೈಥಾನ್ ಭಾಷೆಯಲ್ಲಿ ಚಿತ್ರ ಕಡತಗಳನ್ನು ಓದುವ ಪಿಲ್ಲೋ ಲೈಬ್ರರಿ ಇದೆ. ಆದರೆ ಅದರಲ್ಲಿ ಕಡತ ತೆರೆದು ನೇರ ಉಳಿಸಿದರೆ ಸಿಗುವುದು ಅತಿ ದೊಡ್ಡ ಚಿತ್ರವೊಂದೇ. ತೆರೆದ ಚಿತ್ರದ ‘ಐಸಿಒ’ ಭಾಗದಲ್ಲಿ ‘ಸೈಜಸ್’ ಕರೆದು ಅಳತೆಗಳನ್ನು ಪಡೆದು, ಒಂದೊಂದಕ್ಕೂ ‘ಗೆಟ್‌ಇಮೇಜ್’ ಕರೆಯಬೇಕು. ಒಂದೇ 32×32 ಚಿತ್ರ 8 ಬಿಟ್ ಮತ್ತು 32 ಬಿಟ್ ಎರಡರಲ್ಲೂ ಇದ್ದರೂ ಆ ಪಟ್ಟಿಯಲ್ಲಿ ಅಳತೆ ಒಮ್ಮೆ ಮಾತ್ರ ಬರುತ್ತದೆ. ಹಳೆಯ ಐಕಾನ್‌ಗಳನ್ನು ಒಂದೂ ಬಿಡದೆ ಕಾಪಾಡಬೇಕೆನ್ನುವವರು ತಲೆಬರಹದ ಸಂಖ್ಯೆಯನ್ನೂ ಹೊರಬಂದ ಚಿತ್ರಗಳ ಎಣಿಕೆಯನ್ನೂ ತಾಳೆ ನೋಡಲೇಬೇಕು.

ಸ್ವಂತ ಕೋಡ್ ಬರೆಯುವವರು, ನಮೂದಿನ ಆರಂಭದ ಜಾಗಕ್ಕೆ ಗಾತ್ರ ಕೂಡಿಸಿದಾಗ ಕಡತದ ಉದ್ದ ಮೀರುತ್ತದೆಯೇ ಎಂದು ಮೊದಲು ಪರೀಕ್ಷಿಸಲಿ. ಅರ್ಧಕ್ಕೆ ಡೌನ್‌ಲೋಡ್ ಆದ ಕಡತಗಳು ಸಿಕ್ಕಿಬೀಳುವುದು ಅಲ್ಲೇ.

– ಓದುಗರು