ಗೊಂಬೆಯವ್ವನಿಗೆ, ಮತ್ತು ಉಳಿದ ಎಲ್ಲರಿಗೆ

ನಮ್ಮ ಕಾಲೇಜಿನ ಮ್ಯೂಸಿಯಂನಲ್ಲಿ ನಡೆದ ತೊಗಲುಗೊಂಬೆ ಪ್ರದರ್ಶನ ಭಾನುವಾರ ಮುಗಿಯಿತು. ಬಂದವರಿಗೂ, ಬರಲಾಗದೆ ಫೋನ್ ಮಾಡಿ ವಿಚಾರಿಸಿದವರಿಗೂ ನಮಸ್ಕಾರ. ನಡುವೆ ಸ್ಟೋರ್ ರೂಮಿಗೆ ಮಳೆ ನೀರು ನುಗ್ಗಿ ಏನೇನಾಯಿತು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇದೆ. ಎಲ್ಲವನ್ನೂ ಮತ್ತೆ ಬಿಡಿಸಿ ಹೇಳುವುದಿಲ್ಲ.

ಇದನ್ನು ಶುರು ಮಾಡಿಸಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತಲ್ವಾ, ಆಗ ಪೇಪರ್ ಹಿಡಿದುಕೊಂಡು ಬಂದು, "ಮೇಡಂ, ನಮ್ಮ ಬೀರುವಿನಲ್ಲೂ ಇಂಥವು ಇವೆಯಲ್ಲ, ಯಾಕೆ ಹೊರಗೆ ತೆಗೆಯಲ್ಲ?" ಅಂದಳು. ಗೊಂಬೆಗಳಂತೂ ಇದ್ದವು. ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಊರೂರು ತಿರುಗಿ ತೊಗಲುಗೊಂಬೆ ಕೂಡಿಹಾಕಿದರು. ಮೈಸೂರು ವಿಶ್ವವಿದ್ಯಾಲಯ 1968ರಲ್ಲೇ ಜಾನಪದ ವಸ್ತುಸಂಗ್ರಹಾಲಯ ಶುರು ಮಾಡಿತು. ಅದೇ ಹುಮ್ಮಸ್ಸಿನಲ್ಲಿ ನಮ್ಮ ಹಳೆಯ ಮೇಷ್ಟ್ರುಗಳೂ ಒಂದಷ್ಟು ತಂದಿಟ್ಟಿದ್ದರು. ತಂದವರು ನಿವೃತ್ತರಾದರು. ಗೊಂಬೆ ಉಳಿದವು, ಅವನ್ನು ಆಡಿಸುತ್ತಿದ್ದವರ ಊರು, ಮನೆತನ ಯಾವುದೂ ಪುಸ್ತಕದಲ್ಲಿ ಉಳಿಯಲಿಲ್ಲ.

ದುಡ್ಡಿಗೆ ಸಹಿ ಹಾಕಿದ ಪ್ರಿನ್ಸಿಪಾಲರು, ಪರದೆ ಹೊಲಿದ ಟೈಲರಣ್ಣ, ರಜೆ ಬಿಟ್ಟು ದುಡಿದ ಮಕ್ಕಳು, ಗೋಡೆ ಒಣಗಿಸಿಕೊಟ್ಟ ಎಲೆಕ್ಟ್ರಿಷಿಯನ್, ಎಲ್ಲರಿಗೂ ಒಟ್ಟಿಗೇ ಥ್ಯಾಂಕ್ಸ್ ಹೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೇ ಬೇಕು.

ಪ್ರದರ್ಶನಕ್ಕೆ ಅಂತ ಕೊಪ್ಪಳದ ಕಡೆಯಿಂದ ಗೊಂಬೆ ಆಡಿಸುವ ಹಿರಿಯಾಕೆಯೊಬ್ಬರು ಬಂದಿದ್ದರು, ತನ್ನ ಹೆಸರು ಹಾಕಬಾರದು ಅಂದಿದ್ದಾರೆ. ನಾವೆಲ್ಲ ಗೊಂಬೆಯವ್ವ ಅಂತಲೇ ಕರೆದೆವು. ಬಂದ ದಿನ ಸುಮ್ನೆ ಒಂದು ಸುತ್ತು ಹಾಕಿದರು. ರಿಜಿಸ್ಟರ್‌ನಲ್ಲಿ 'ಹೆಂಗಸು, ಚರ್ಮ' ಅಂತಷ್ಟೇ ಇದ್ದ ಗೊಂಬೆಯ ಮುಂದೆ ನಿಂತು ನಕ್ಕುಬಿಟ್ಟರು. "ಈಕಿ ಬಂಗಾರಕ್ಕ. ಕಿಳ್ಳೇಕ್ಯಾತನ ಹೇಣ್ತಿ. ಗಂಡನ್ನ ಆ ಕಡಿ ಗ್ವಾಡಿಗೆ ಯಾಕ ಹಾಕೀರಿ?" ಕಿಳ್ಳೇಕ್ಯಾತ ಅಂದರೆ ಈ ಆಟದಲ್ಲಿ ನಗಿಸುವ ಗೊಂಬೆ. ಆಮೇಲೆ ದೀಪಗಳನ್ನು ನೋಡಿದರು. "ಮುಂದಿನಿಂದ ಬೆಳಕು ಬಿಟ್ರ ಏನ್ ಕಾಣತೈತಿ? ಹಿಂದ ಹಾಕ್ರಿ." ಹಾಕಿದೆವು. ಕಂದು ಬಣ್ಣದ ಒಣ ತೊಗಲು ಅಂದುಕೊಂಡಿದ್ದರಲ್ಲಿ ಕೆಂಪು, ಹಸಿರು ಎದ್ದು ಬಂದವು. ಸೀರೆಯ ಅಂಚಿಗೆ ಕೊರೆದ ಸಣ್ಣ ಸಣ್ಣ ತೂತುಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಹೊಳೆದವು. ಇಷ್ಟು ವರ್ಷ ನಾನು ಪಾಠ ಮಾಡಿದ್ದು ಇದೇ ಗೊಂಬೆಗಳ ಬಗ್ಗೆಯೇ!

ಆಮೇಲೆ ಆ ಮಳೆಯ ರಾತ್ರಿ. ಸ್ಟೋರ್ ರೂಮಿಗೆ ನೀರು ಬಂದಾಗ ಹೆಚ್ಚಿನವರು ಮನೆ ಸೇರಿದ್ದರು. ಬೆಳಗಿನ ಬಸ್ಸಿಗೆ ಅಂತ ಹಾಸ್ಟೆಲ್ಲಿನಲ್ಲಿ ಮಲಗಿದ್ದ ಗೊಂಬೆಯವ್ವ ಗಲಾಟೆ ಕೇಳಿ, ಸೆರಗು ಸಿಕ್ಕಿಸಿಕೊಂಡು ಬಂದರು. ಹುಡುಗನೊಬ್ಬ ಹೇರ್ ಡ್ರೈಯರ್ ತಂದಿದ್ದ. "ಬಿಸಿ ಗಾಳಿ ಬ್ಯಾಡೋ ತಮ್ಮಾ, ಮುರುಟತಾವು" ಅಂತ ಕಸಿದು ಇಟ್ಟರು. ಒರೆಸಲು ಹೋದವರಿಗೆ, "ಒರಸಬ್ಯಾಡ್ರಿ, ಬಣ್ಣ ಹೋಗತೈತಿ. ಒತ್ತ್ರಿ." ತಮ್ಮ ಚೀಲದಲ್ಲಿದ್ದ ಹತ್ತಿ ಸೀರೆಯನ್ನೇ ಹಾಸಿ, ಮಡಿಕೆಯ ನಡುವೆ ಗೊಂಬೆ ಇಟ್ಟು, ಮೇಲೆ ನಮ್ಮ ಡ್ರಾಯಿಂಗ್ ಬೋರ್ಡುಗಳನ್ನು ಹೇರಿಸಿದರು. ಬಟ್ಟೆ ಒದ್ದೆಯಾದಾಗಲೆಲ್ಲ ಬದಲಾಯಿಸಬೇಕು. ಬೆಳಗಿನ ತನಕ ಅದೇ ಕೆಲಸ. ಸುರುಳಿ ಸುತ್ತುತ್ತಿದ್ದ ಒಂದು ಕಿವಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಅದು ಮಣಿಯುವ ತನಕ ಹಾಗೇ ಕೂತಿದ್ದರು.

ಒಬ್ಬ ಹನುಮಂತ ಮಾತ್ರ ಉಳಿಯಲಿಲ್ಲ. ಬಣ್ಣವೆಲ್ಲ ಹರಿದು, ಬಾಲ ಕೈಯಲ್ಲೇ ಬಂತು. ನಾನು ನೆಲದ ಮೇಲೆ ಕೂತು ಅತ್ತೆ. ಮಕ್ಕಳ ಎದುರಿಗೇ ಅತ್ತೆ. ಆ ತಿಂಗಳು ಮನೆಯಲ್ಲಿ ನಡೆದದ್ದೆಲ್ಲ ಆಗಲೇ ಹೊರಗೆ ಬಂತು ಅನ್ನಿಸುತ್ತದೆ. ಗೊಂಬೆಯವ್ವ ಪಕ್ಕದಲ್ಲಿ ಕೂತರು. "ಹರದ ಗೊಂಬಿನ ನಾವು ಹೊಳಿಗೆ ಬಿಡತೀವಿ ಯವ್ವಾ. ಅದಕ್ಕೂ ಒಂದು ಆಯುಷ್ಯ ಐತಿ."

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಸಮಾಧಾನವೇನೂ ಆಗಲಿಲ್ಲ. ಏನೇ ಆದರೂ ಉಳಿಸಬೇಕು ಅಂತ ಕಲಿತು ಬಂದವಳು ನಾನು. ಆಡಿಸಿ, ಸವೆಸಿ, ಕೊನೆಗೆ ನೀರಿಗೆ ಬಿಡುವವರ ಮನೆಯ ವಸ್ತುವನ್ನು ಗಾಜಿನೊಳಗೆ ಕೂರಿಸಿದ್ದು ಎಷ್ಟು ಸರಿ? ಇನ್ನೂ ಯೋಚನೆ ಮಾಡುತ್ತಲೇ ಇದ್ದೇನೆ. ಹನುಮಂತನನ್ನು ಏನು ಮಾಡಬೇಕು ಅನ್ನೋದನ್ನು ಆಕೆಯನ್ನು ಕೇಳದೆ ತೀರ್ಮಾನಿಸುವುದಿಲ್ಲ ಅಂತ ಕಮಿಟಿಯಲ್ಲಿ ಬರೆಸಿದ್ದೇನೆ.

ಬಸ್ ತಪ್ಪಿಸಿಕೊಂಡು ಇನ್ನೊಂದು ದಿನ ಉಳಿದರು. ಸಂಜೆ ಆಟ ಆಡಿಸಿದರು. ಮುಂದಿನ ಸಾಲಿನ ಪುಟ್ಟ ಮಕ್ಕಳು ಕಿಳ್ಳೇಕ್ಯಾತನ ಮಾತಿಗೆ ಬಿದ್ದು ಬಿದ್ದು ನಕ್ಕರು. ಅವರ ತಂಡಕ್ಕೆ ಇನ್ನು ವರ್ಷಕ್ಕೊಮ್ಮೆ ಕರೆ ಹೋಗುತ್ತದೆ, ಖರ್ಚಿನ ಜೊತೆ ಸಂಭಾವನೆಯೂ ಕಾಲೇಜಿನದೇ. ರಿಜಿಸ್ಟರ್ ತಿದ್ದುವ ಕೆಲಸ ನಡೆಯುತ್ತಿದೆ. ಗೊಂಬೆಯವ್ವ ಫೋನಿನಲ್ಲಿ ಒಂದೊಂದೇ ಫೋಟೋ ನೋಡಿ ಹೆಸರು ಹೇಳುತ್ತಾರೆ, ಆ ಎರಡನೇ ವರ್ಷದ ಹುಡುಗಿ ಬರೆದುಕೊಳ್ಳುತ್ತಾಳೆ. ಬಂಗಾರಕ್ಕನನ್ನು ಗಂಡನ ಪಕ್ಕಕ್ಕೆ ಹಾಕಿದ್ದೇವೆ.

ಸೀರೆ ಹೊಸದು ಕೊಡಿಸಲು ಹೋದರೆ ಬೇಡ ಅಂದರು, ಹಾಳಾದದ್ದನ್ನೇ ಒಗೆದು ತೆಗೆದುಕೊಂಡು ಹೋದರು. ಮೆಸ್ಸಿನ ಭಟ್ಟರೇ, ಆ ರಾತ್ರಿಯ ಚಹಾದ ಲೆಕ್ಕ ಬಾಕಿ ಇದೆ, ಸೋಮವಾರ ಕೊಡ್ತೀನಿ.