ಕಣ್ಣಿಗೆ ತಾಗಿದ ಬೆಳಕಿನ ಬಗ್ಗೆ ಪುಟ್ಟಿಗೊಂದು ಪತ್ರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳೆಲ್ಲ ನಿನ್ನ ಅಪ್ಪನ ಬಾಯಿಂದ ಆಗಲೇ ತಿಳಿದಿದ್ದವು, ಅವುಗಳ ಗೋಜಿಗೆ ಹೋಗುವುದಿಲ್ಲ. ಪ್ರಯೋಗಾಲಯದ ಕ್ಯಾಬಿನೆಟ್ಟಿನೊಳಗೆ ರೋಗಾಣು ಕೊಲ್ಲುವ ನೇರಳಾತೀತ ದೀಪ ಉರಿಯುತ್ತಿರುವುದು ಗಮನಕ್ಕೆ ಬಾರದೆ, ಮುಂದಿನ ಗಾಜನ್ನು ಮೇಲೆತ್ತಿಕೊಂಡು ಕೆಲಸ ಮಾಡಿದೆ, ರಾತ್ರಿ ಕಣ್ಣಿನಲ್ಲಿ ಮರಳು ಸುರಿದಂತಾಯಿತು, ಎರಡು ದಿನಕ್ಕೆ ಕಡಿಮೆಯಾಯಿತು ಎಂದೆಲ್ಲ ಬರೆದು, ಕೊನೆಯಲ್ಲಿ "ಆ ಬೆಳಕು ನನ್ನೊಳಗೇ ಉಳಿದುಬಿಟ್ಟಿದೆಯೇನೋ ಎಂದು ಭಯವಾಗುತ್ತದೆ" ಎಂಬ ಒಂದು ಸಾಲು ಸೇರಿಸಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಉಳಿದಿಲ್ಲ, ಮಗೂ. ಆ ಬೆಳಕು ಚರ್ಮಕ್ಕೋ ಕಣ್ಣಿಗೋ ತಾಗಿ ಹೀರಲ್ಪಟ್ಟ ಕ್ಷಣವೇ ಬೆಳಕಾಗಿ ಅದರ ಕಥೆ ಮುಗಿಯುತ್ತದೆ. ವಿಕಿರಣಶೀಲ ಧೂಳಿನಂತೆ ಮೈಯಲ್ಲಿ ಕುಳಿತು ಉರಿಯುತ್ತಿರುವ ವಸ್ತು ಅದಲ್ಲ. ಉಳಿಯಬಹುದಾದದ್ದು ಅದು ಮಾಡಿ ಹೋದ ಕೆಲಸ ಮಾತ್ರ. ಈ ವ್ಯತ್ಯಾಸವನ್ನು ನಿನಗೆ ಸರಿಯಾಗಿ ಹೇಳಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ.

ನಮ್ಮ ಕಣ್ಣಿಗೆ ಕಾಣುವ ನೇರಳೆ ಬಣ್ಣ ಸುಮಾರು 400 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಮುಗಿಯುತ್ತದೆ. ಅದಕ್ಕಿಂತ ಗಿಡ್ಡ ಅಲೆಗಳದ್ದು ನೇರಳಾತೀತ. 1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟರ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಬಣ್ಣಗಳ ಪಟ್ಟಿಯಲ್ಲಿ, ಬೆಳಕು ತಾಗಿದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು ಇಟ್ಟು ನೋಡಿದಾಗ, ನೇರಳೆಯ ಆಚೆಗೆ, ಏನೂ ಕಾಣದ ಜಾಗದಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅಲ್ಲಿ ಉಳಿದದ್ದು ಕಪ್ಪು, ಬೆಳಕಲ್ಲ. ಹಾಗಾದರೆ ಆ ಕಪ್ಪು ನನ್ನೊಳಗೂ ಉಳಿದಿದೆಯೇ ಎಂದು ನೀನು ಕೇಳುತ್ತೀಯೆ, ನನಗೆ ಗೊತ್ತು. ಸಿಲ್ವರ್ ಕ್ಲೋರೈಡಿಗೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಬರುವುದಿಲ್ಲ, ಜೀವಕೋಶಕ್ಕೆ ಬರುತ್ತದೆ. ನೇರಳಾತೀತ ಬೆಳಕು ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ನಿಮ್ಮ ದೀಪ ರೋಗಾಣುಗಳನ್ನು ಕೊಲ್ಲುವುದೂ ಮುಖ್ಯವಾಗಿ ಹೀಗೆಯೇ. ಆದರೆ ನಮ್ಮ ಕೋಶಗಳಲ್ಲಿ ಹಾಳಾದ ಆ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುವ ಕಿಣ್ವಗಳಿವೆ. ರಿಪೇರಿ ಮೀರಿ ಕೆಟ್ಟ ಕೋಶ ಹೆಚ್ಚಿನ ಪಾಲು ಸತ್ತು ಉದುರುತ್ತದೆ.

ನಿನ್ನ ರಾತ್ರಿಯ ನೋವು ಅದೇ. ನಿಮ್ಮ ಕ್ಯಾಬಿನೆಟ್ಟಿನ ಪಾದರಸದ ಟ್ಯೂಬು ಹೆಚ್ಚಾಗಿ ಸೂಸುವುದು 254 ನ್ಯಾನೋಮೀಟರಿನ ಬೆಳಕನ್ನು. ಸೂರ್ಯನಿಂದ ಹೊರಟ ಈ ಬಗೆಯ ಕಿರಣವನ್ನು ವಾತಾವರಣದ ಆಮ್ಲಜನಕ, ಓಜೋನುಗಳು ಹೀರಿಬಿಡುವುದರಿಂದ ಅದು ನೆಲವನ್ನೇ ಮುಟ್ಟುವುದಿಲ್ಲ. ನೀನು ಕಂಡ ಮಂಕು ನೀಲಿ ಆ ದೀಪದ ಒಂದು ಚಿಕ್ಕ ಪಾಲು, ಅದನ್ನು ನೋಡಿ ಉಳಿದದ್ದರ ಜೋರು ತಿಳಿಯಲು ಯಾರಿಂದಲೂ ಆಗದು. ಆದರೆ ಕಣ್ಣಿನ ಹೊರಗಿನ ಪಾರದರ್ಶಕ ಪದರವೇ ಆ 254ರ ಕಿರಣವನ್ನು ತಡೆದು ನಿಲ್ಲಿಸುತ್ತದೆ. ಒಳಗಿನ ಮಸೂರಕ್ಕೂ ಅಕ್ಷಿಪಟಕ್ಕೂ ಅದು ಹೋಗುವುದಿಲ್ಲ. ಆ ಪದರದ ಮೇಲಿನ ಕೋಶಗಳು ಸಾಯಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಅವು ಉದುರಿದಾಗ ಕೆಳಗಿನ ನರಗಳ ತುದಿ ಬಯಲಿಗೆ ಬೀಳುತ್ತದೆ, ಆಗ ಉರಿ. ಮಧ್ಯಾಹ್ನ ತಾಗಿದ್ದು ರಾತ್ರಿ ಎದ್ದು ಬಂದಂತೆ ಕಂಡದ್ದರಿಂದಲೇ ಅಲ್ಲವೇ, ಅದು ಒಳಗೆ ಅಡಗಿ ಕುಳಿತಿದೆ ಎಂದು ನಿನಗೆ ಅನ್ನಿಸಿದ್ದು?

ನನಗೂ ಒಂದು ಕಾಲದಲ್ಲಿ ಹಾಗೆಯೇ ಅನ್ನಿಸುತ್ತಿತ್ತು. ಐಟಿಐಯಲ್ಲಿ ಪಾಠ ಹೇಳುವ ಕೆಲಸ ಸಿಗುವ ಮೊದಲು ಗೇಟು, ಗ್ರಿಲ್ಲು ಮಾಡುವ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆನಲ್ಲ, ಅದರ ಬೆಳಕಿನಲ್ಲೂ ನೇರಳಾತೀತ ಇರುತ್ತದೆ; ಆಗ ಕರಿ ಗಾಜಿನ ಶೀಲ್ಡು ಇರುತ್ತಿದ್ದುದು ರಾಡು ಹಿಡಿದವನಿಗೆ ಮಾತ್ರ. ಎದುರಿಗೆ ಕಬ್ಬಿಣದ ಪಟ್ಟಿಯನ್ನು ಒತ್ತಿ ಹಿಡಿದು ಕೂರುತ್ತಿದ್ದ ಹುಡುಗ, ನಾನು ಟ್ಯಾಕ್, ಅಂದರೆ ಚಿಕ್ಕ ಬೆಸುಗೆ, ಹಾಕುವ ಹೊತ್ತಿಗೆ ಮುಖವನ್ನು ಭುಜದ ಕಡೆಗೆ ತಿರುಗಿಸಿ ಕಣ್ಣು ಮುಚ್ಚುತ್ತಿದ್ದ; ಒಮ್ಮೊಮ್ಮೆ ತಡವಾಗಿ ಮುಚ್ಚುತ್ತಿದ್ದ. ರಾತ್ರಿ ಅವನು ಕಣ್ಣಿನ ಮೇಲೆ ಹೋಳು ಮಾಡಿದ ಆಲೂಗಡ್ಡೆ ಇಟ್ಟುಕೊಂಡು, ನೀರಿಳಿಯುವ ಕಣ್ಣನ್ನು ತೆರೆಯಲಾರದೆ ಗೋಡೆಗೆ ಒರಗಿ ಕೂತಿರುತ್ತಿದ್ದ. ಬೆಳಗ್ಗೆ ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದ. ಇನ್ನೊಂದು ಶೀಲ್ಡು ತರಿಸಿಕೊಡಿ ಎಂದು ಮಾಲೀಕರನ್ನು ನಾವು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೆಂಬುದೂ ನನಗೆ ತಿಳಿಯದು. ನಿನ್ನ ಪತ್ರದಲ್ಲಿ "ಮರಳು" ಎಂಬ ಮಾತು ಕಂಡೊಡನೆ ನೆನಪಿಗೆ ಬಂದವನು ಅವನು. ನಿನ್ನ ವಿಚಾರ ಬರೆಯಲು ಕೂತು ಅವನ ಕಥೆ ಹೇಳಿದೆ, ಬೇಸರಿಸಬೇಡ.

ಆದರೂ ನಿನ್ನ ಭಯವನ್ನು ಪೂರ್ತಿ ಸುಳ್ಳೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಕೋಶದ ರಿಪೇರಿ ನೂರಕ್ಕೆ ನೂರು ಸರಿಯಾಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿದವರಲ್ಲಿ ಕಣ್ಣಿನ ಪೊರೆ, ಕೆಲವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚುವುದು ಉಳಿದುಹೋದ ಹಾನಿ ಸೇರುತ್ತ ಹೋಗುವುದರಿಂದ. ಅದು ಮತ್ತೆ ಮತ್ತೆ ತಾಗಿದ್ದರ ಲೆಕ್ಕ. ಅದರಲ್ಲೂ ಬಿಸಿಲಿನ ಉದ್ದ ಅಲೆಯ ಕಿರಣ ನಿಮ್ಮ ಟ್ಯೂಬಿನದಕ್ಕಿಂತ ಆಳಕ್ಕೆ ಇಳಿಯುತ್ತದೆ. ಒಂದು ಮಧ್ಯಾಹ್ನದ ಮಾತಿಗೆ ನೀನು ರಾತ್ರಿಯೆಲ್ಲ ಎದ್ದು ಕೂರುವ ಕಾರಣ ನನಗೆ ಕಾಣುವುದಿಲ್ಲ. ನಿನ್ನಲ್ಲಿ ಉಳಿದಿರುವುದು ಬೆಳಕಲ್ಲ, ಹೆದರಿಕೆ.

ನಿನಗಿಂತ ಹೆಚ್ಚು ಓದಿದವನಂತೆ ಉಪದೇಶಿಸಲು ಸಂಕೋಚವಾಗುತ್ತದೆ. ಆದರೂ, ಕಣ್ಣು ಸರಿಯಾಗಿದ್ದರೂ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸು. ಮುಂದೆಂದಾದರೂ ಹೀಗಾದರೆ ಔಷಧದ ಅಂಗಡಿಯಿಂದ ಮರಗಟ್ಟಿಸುವ ಹನಿ ತಂದು ಬಿಟ್ಟುಕೊಳ್ಳಬೇಡ. ನೋವು ಅಡಗಿಸಿದರೂ ಅದು ಗಾಯ ಮಾಯಲು ಬಿಡುವುದಿಲ್ಲ. ಮುಂದಿನ ಗಾಜು ಪೂರ್ತಿ ಇಳಿದಿದ್ದರೆ 254ರ ಕಿರಣ ಅದನ್ನು ದಾಟದು, ಆದ್ದರಿಂದ ಗಾಜು ಎತ್ತಿದೊಡನೆ ದೀಪ ತಾನಾಗಿ ಆರುವ ವ್ಯವಸ್ಥೆ ನಿಮ್ಮ ಕ್ಯಾಬಿನೆಟ್ಟಿನಲ್ಲಿ ಇದೆಯೇ, ಕೆಟ್ಟಿದೆಯೇ ಎಂದು ವಿಚಾರಿಸು. ನಡೆದದ್ದನ್ನು ಮೇಲಿನವರಿಗೆ ಬರವಣಿಗೆಯಲ್ಲೇ ಕೊಡು. ಹೊಸಬಳು, ದೂರಿದಳು ಎಂದುಕೊಂಡಾರು ಎಂದು ಹಿಂಜರಿಯಬೇಡ. ನಾಳೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ವೈದ್ಯರು ನಾನು ಬರೆದದ್ದಕ್ಕಿಂತ ಬೇರೆ ಏನಾದರೂ ಹೇಳಿದರೆ ಅವರ ಮಾತನ್ನೇ ನಂಬು, ನನಗೂ ಒಂದು ಸಾಲು ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ